ಕಲ್ಲಂಗಡಿ ಹಿಡಿಯುವವರ ತೀರ್ಪು

ಬನ್ನೂರಿನಲ್ಲಿ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಆಟದ ವಿಡಿಯೊ ನೋಡುತ್ತಿದ್ದೆ. ಪಕ್ಕದ ಲಾರಿಯಿಂದ ಎಸೆಯುವ ಕಲ್ಲಂಗಡಿಗಳನ್ನು ಕೆಳಗೆ ನಿಂತು ಹಿಡಿಯುತ್ತಿದ್ದ ಹಿರಿಯರೊಬ್ಬರು, ಬೀಡಿ ಹಚ್ಚಲು ಬಂದವರು ಇಣುಕಿದರು. ಪರದೆಯಲ್ಲಿ ಅಕ್ಕಪಕ್ಕ, ಹಾರಿ ಬರುವ ರಬ್ಬರ್ ಬಿಲ್ಲೆಯನ್ನು ತಡೆಯುವ ಬೇರೆ ಬೇರೆ ಕಾಲದ ಇಬ್ಬರು ಗೋಲ್‌ಕೀಪರ್‌ಗಳು. ಹಳೆಯ ಕಾಲದವನದು ಬರಿಮುಖ. ಈಗಿನವನಿಗೆ ಮುಖವಾಡ, ಮೈತುಂಬ ಪ್ಯಾಡು.

"ಇಬ್ಬರಲ್ಲಿ ಯಾರು ದೊಡ್ಡವರು?" ಎಂದೆ. ಹಳಬನನ್ನೇ ತೋರಿಸುತ್ತಾರೆಂದುಕೊಂಡಿದ್ದೆ, ಗೆಳೆಯರೊಡನೆ ನನ್ನ ವಾದವೂ ಅದೇ.

ಅವರು ಇನ್ನೊಮ್ಮೆ ಹಾಕಿಸಿ ನೋಡಿದರು. "ಇಬ್ರೂ ಆ ಬಿಲ್ಲೇನ ನೋಡ್ತಿಲ್ಲ ಸಾ, ಒಡಿಯೋನ ಕೈ ನೋಡ್ತಾವ್ರೆ. ಕಾಯಿ ಇಡಿಯೋದೂ ಅಂಗೇಯ. ಕೈಯಿಂದ ಬಿಡೋಕ್ ಮುಂಚೇನೇ ಗೊತ್ತಾಗ್ಬೇಕು."

ಬೀಡಿ ಮುಗಿಸಿ ಲಾರಿಯ ಬಳಿಗೆ ಹೋಗಿ ನಿಂತರು. ಮೊದಲ ಕಾಯಿ ಅವರ ಎದೆಯತ್ತ ಹಾರಿ ಬಂತು. ದೂರದಲ್ಲಿ ಕೂತ ನಾನು ಕಣ್ಣು ಮುಚ್ಚಿದೆ, ಅವರು ಮುಚ್ಚಲಿಲ್ಲ.

ಹಳಬನೋ ಹೊಸಬನೋ ಎಂಬ ವಾದಕ್ಕೆ ನಾನೀಗ ಕೂರುವುದಿಲ್ಲ.