ಮುದಕಮ್ಮ ಹೆಣೆದ ಸಣ್ಣ ಬಾಯಿಕುಕ್ಕೆ

ತಳಕಲ್ಲಿನ ಕಣಗಳಲ್ಲಿ ಹಂತಿ ಕಟ್ಟುವ ಕಾಲ ಬಂತೆಂದರೆ ಮೊದಲು ಹೇಳಿಕಳಿಸುತ್ತಿದ್ದುದು ಮುದಕಮ್ಮನಿಗೆ. ಜೋಳದ ತೆನೆ ಹರವಿ, ನಡುವೆ ಮೇಟಿಕಂಬ ನೆಟ್ಟು, ಅದರ ಸುತ್ತ ಎತ್ತುಗಳನ್ನು ತಿರುಗಿಸಿ ತುಳಿಸುತ್ತಾರಲ್ಲ, ಆ ಎತ್ತುಗಳು ಕಾಳಿಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಬಾಯಿಕುಕ್ಕೆ ಹೆಣೆಯುವವಳು ಆಕೆ. ಪುಂಡಿಗಿಡದ ನಾರನ್ನು ತೊಡೆಯ ಮೇಲೆ ಹೊಸೆದು ಹೊಸೆದು ಅಲ್ಲಿ ಕೂದಲೇ ಇರಲಿಲ್ಲ.

ಈ ಕೆಲಸ ಗಂಡ ದುರುಗಪ್ಪನದು. ಅವನು ತೀರಿಕೊಂಡಾಗ ಮಗ ಹೇಮಪ್ಪನಿಗೆ ಎಂಟು ವರ್ಷ. ಮರುಸುಗ್ಗಿಗೆ ಕುಕ್ಕೆಯ ಗೊಂಚಲು ಹಿಡಿದು ಕಣಕ್ಕೆ ಹೋದವಳನ್ನು ದೊಡ್ಡ ಕಮತದ ಹಂಪಣ್ಣ ತಡೆದ.

"ಗಂಡ ಸತ್ತಾಕಿ ರಾಶಿ ಕಣಕ್ಕ ಕಾಲಿಡಬಾರದು, ತಂಗಿ."

"ಛಲೋ ಆತು, ನೀವ ಕಟ್ರಿ" ಎಂದು ಗೊಂಚಲನ್ನು ಅವನ ಕೈಗಿತ್ತು ಬದುವಿನ ಮೇಲೆ ಕೂತಳು. ಹಂಪಣ್ಣನ ಎತ್ತು ಎರಡು ಸಲ ಕೊಂಬು ಬೀಸಿತು. ಮೂರನೆಯ ಸಲಕ್ಕೆ ಅವನ ರುಮಾಲು ಕಣದಾಚೆ ಬಿತ್ತು.

"ಎತ್ತಿಗೆ ಕೇಳ್ರಿ ಯಣ್ಣಾ, ಅದಕ್ಕೂ ಮುತ್ತೈದಿನ ಬೇಕಂತೇನು?"

ಅಂದಿನಿಂದ ಯಾರೂ ತಡೆಯಲಿಲ್ಲ.

ದುರುಗಪ್ಪ ಹೇಳಿಕೊಟ್ಟ ನೇಮ ಎರಡು. ಕುಕ್ಕೆ ಕಟ್ಟುವ ಮುಂಚೆ ಎತ್ತಿನ ದವಡೆಗೆ ಬೆರಳು ಹಾಕಿ ಬಾಯಿ ಬರಿದಾಗಿದೆಯೇ ನೋಡಬೇಕು. ಬಿಚ್ಚಿದ ಮೇಲೆ, ಮನೆಯವರು ಒಂದು ಕಾಳು ಮುಟ್ಟುವ ಮೊದಲು, ರಾಶಿಯಿಂದ ಒಂದು ಹಿಡಿ ಅದರ ಬಾಯಿಗೆ ಇಡಬೇಕು. "ಬಾಯಿ ಕಟ್ಟಿದ ಕೈನ ಬಾಯಿ ತುಂಬಸ್ಬೇಕು" ಎನ್ನುತ್ತಿದ್ದ ಅವನು. ಮೊದಲ ನೇಮವನ್ನು ಹೊಸ ಆಳೊಬ್ಬ ಮರೆತ ವರ್ಷ ಒಂದು ಎತ್ತು ದವಡೆ ತುಂಬ ಮೇವಿಟ್ಟುಕೊಂಡೇ ಏಳು ಸುತ್ತು ಹಾಕಿ, ಎಂಟನೆಯದಕ್ಕೆ ಮೇಟಿಯ ಬುಡದಲ್ಲಿ ಮೊಣಕಾಲೂರಿತು. ಕುಕ್ಕೆ ಕೊಯ್ದು ತೆಗೆಯುವಷ್ಟರಲ್ಲಿ ಅದರ ಕಣ್ಣು ಬೆಳ್ಳಗಾಗಿತ್ತು. ಸದ್ದು ಮಾತ್ರ ಇರಲಿಲ್ಲ. ಉಸಿರು ಕಟ್ಟಿದ್ದಕ್ಕೆ ಸದ್ದಿರುವುದಿಲ್ಲ ಎಂಬುದನ್ನು ಮುದಕಮ್ಮ ಅಂದು ಕಂಡಳು.

ಹೇಮಪ್ಪ ದೊಡ್ಡವನಾಗಿ ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ಲಸ್ಕರ್ ಆದ. ಕಾಲುವೆಯ ಗೇಟು ಎತ್ತುವುದು, ಇಳಿಸುವುದು ಅವನ ಕೆಲಸ. ಅವನ ಹೆಂಡತಿ ಯಮನೂರಮ್ಮನಿಗೆ ಹುಟ್ಟಿದ ಮೊದಲ ಕೂಸೇ ಹುಲಿಗವ್ವ. ಮೇಲಕ್ಕೆ ಓರೆಯಾದ ಸಣ್ಣ ಕಣ್ಣು, ತುಟಿಯಾಚೆ ಇಣುಕುವ ನಾಲಿಗೆ, ಹಿಡಿದರೆ ಜಾರುವಂಥ ಮೆತ್ತನೆ ಮೈ. ಮೂರು ವರ್ಷಕ್ಕೆ ನಡೆದಳು. ಆರು ವರ್ಷಕ್ಕೆ ಐದು ಮಾತು ಬರುತ್ತಿದ್ದವು. ಅದರಲ್ಲೊಂದು "ಬೆ", ಅಂದರೆ ಬೆಲ್ಲ. ತಾಯಿ ಮತ್ತೆ ಬಸುರಿಯಾದಾಗ ಅಜ್ಜಿಯ ಹತ್ತಿರ ತಳಕಲ್ಲಿಗೆ ಬಂದವಳು ಅಲ್ಲೇ ಉಳಿದಳು. ಯಾರು ಏನು ಮಾಡಿದರೂ ಒಮ್ಮೆ ನೋಡಿ ಹಾಗೆಯೇ ಮಾಡಿ ತೋರಿಸುವುದು ಆಕೆಯ ದೊಡ್ಡ ವಿದ್ಯೆ. ಹಂಪಣ್ಣ ಕೆಮ್ಮುತ್ತ ಕುಂಟುವುದನ್ನು ಮಾಡಿ ತೋರಿಸಿ ಓಣಿಯನ್ನೆಲ್ಲ ನಗಿಸುತ್ತಿದ್ದಳು.

ಆದರೆ ಮಲಗಿದರೆ ಯಾರಿಗೂ ನಗು ಬರುತ್ತಿರಲಿಲ್ಲ. ಆ ಸಣ್ಣ ಗಂಟಲಿನಿಂದ ಗರಗಸ ಎಳೆದಂತೆ ಗೊರಕೆ. ಎಳೆದು ಎಳೆದು ಒಮ್ಮೆಲೇ ನಿಂತುಬಿಡುವುದು. ಒಂದು, ಎರಡು, ಮೂರು ಎಂದು ಮುದಕಮ್ಮ ಎಣಿಸುವಳು. ಹತ್ತಕ್ಕೋ ಹನ್ನೆರಡಕ್ಕೋ ಮೈ ಕೊಡವಿ ಮತ್ತೆ ಗೊರಕೆ ಹತ್ತುವುದು. ೧೯೮೪ರ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಎಣಿಕೆ ಇಪ್ಪತ್ತು ದಾಟಿತು. ತುಟಿ ನೇರಳೆಹಣ್ಣಿನಂತಾಯಿತು. ಅಜ್ಜಿ ಕಾಲು ಹಿಡಿದೆತ್ತಿ ಬೆನ್ನಿಗೆ ಬಡಿದಾಗ ಉಸಿರು ಬಂತು.

ಹೇಮಪ್ಪ ಬಂದು ಇಬ್ಬರನ್ನೂ ರೈಲಿನಲ್ಲಿ ಕರೆದುಕೊಂಡು ಹೋದ. ಹೊಳೆಯಾಚೆಯ ಊರಿನ ದವಾಖಾನೆಯಲ್ಲಿ ಗಂಟಲ ಡಾಕ್ಟರು ಬ್ಯಾಟರಿ ಹಿಡಿದು ನೋಡಿದರು. ಗಂಟಲಿನ ಎರಡೂ ಕಡೆ ಬೋರೆಹಣ್ಣಿನಂಥ ಎರಡು ಗಡ್ಡೆ.

"ಇದು ಹುಟ್ಟಿನಿಂದ ಬಂದ ಲಕ್ಷಣ, ಡೌನ್ ಸಿಂಡ್ರೋಮ್ ಅಂತಾರ. ಅದನ್ನ ನಾವು ತಗಿಯೋದಲ್ಲ. ಈ ಟಾನ್ಸಿಲ್ ತಗದ್ರ ಉಸಿರಿಗೆ ದಾರಿ ಸಿಗ್ತೈತಿ. ಬಿಟ್ರ, ಒಂದಿನ ನಿದ್ದಿಯಾಗ ನಿಂತದ್ದು ನಿಂತ ಬಿಡ್ತೈತಿ."

"ತಗೀರಿ ಹಂಗಾದ್ರ" ಎಂದ ಹೇಮಪ್ಪ.

"ಎದಿಯೊಳಗ ಸಣ್ಣ ತೂತೂ ಐತಿ. ಎಚ್ಚರ ತಪ್ಪಸೋ ಮತ್ತು ಕೊಡೋದು ಕಷ್ಟ."

ಮತ್ತಿನ ಡಾಕ್ಟರು ತಿಂಗಳಿಗೊಮ್ಮೆ ಬಳ್ಳಾರಿಯಿಂದ ಬರುವವರು. ಅವರು ಕರಿ ರಬ್ಬರಿನ ಹಳೆಯ ಮೂತಿಬಟ್ಟಲೊಂದನ್ನು ಮುದಕಮ್ಮನ ಕೈಗೆ ಕೊಟ್ಟರು. "ಮತ್ತು ಕೊಡೋದು ಇಂಥಾದ್ರಿಂದನ. ಇದನ್ನ ದಿನಾ ಮುಖಕ್ಕ ಹಿಡಿದು ರೂಢಿ ಮಾಡ್ರಿ ಅಜ್ಜಿ. ಹೆದರಿ ಒದ್ದಾಡಿದಳಂದ್ರ ಈ ಎದಿ ತಡಕೊಳ್ಳಂಗಿಲ್ಲ. ಇನ್ನೊಂದು ಮಾತು. ಹಿಂದಿನ ರಾತ್ರಿ ಉಂಡ ಮ್ಯಾಲ ಒಂದು ಹನಿ ಇಲ್ಲ, ಒಂದು ಕಾಳಿಲ್ಲ. ಹೊಟ್ಟ್ಯಾಗಿಂದು ಮತ್ತಿನಾಗ ಮ್ಯಾಲೆ ಬಂದು ಪುಪ್ಪಸಕ್ಕ ಇಳೀತಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಊರಿಗೆ ಮರಳಿದಾಗ ನೆರೆಯ ಮಾರೆವ್ವ ಕಟ್ಟೆಗೆ ಬಂದು ಕೂತಳು. "ಇಂಥಾ ಕೂಸಿನ್ನ ಕೊಯ್ಸೋದ್ಯಾಕ ಮುದಕಕ್ಕ? ದೇವ್ರು ಕೊಟ್ಟಷ್ಟು ದಿನ ಇರ್ಲಿ ಬಿಡು."

"ನಿನ್ನ ಮೊಮ್ಮಗಗ ಚೇಳು ಕಡದಾಗ ಹಂಗ ಬಿಟ್ಟಿದ್ದೇನು? ಕೊಪ್ಪಳತನಕ ಹೊತ್ಕೊಂಡು ಓಡಿದೆಲ್ಲ."

"ಅವ ಸಾಲಿಗೆ ಹೋಗೂ ಹುಡುಗ."

"ಇಕಿ ನನ್ನ ಮಗ್ಗಲದಾಗ ಮಲಗೂ ಹುಡುಗಿ" ಎಂದು ಮುದಕಮ್ಮ ನಾರು ಹೊಸೆಯತೊಡಗಿದಳು.

ರಬ್ಬರಿನ ಬಟ್ಟಲನ್ನು ಮೊದಲ ಸಲ ಮುಖದ ಹತ್ತಿರ ತಂದಾಗ ಹುಲಿಗವ್ವ ಹೊರಳಿ ಹೊರಳಿ ಕಿರುಚಿದ್ದಳು. ಎದೆ ಗುಬ್ಬಿಯಂತೆ ಬಡಿದುಕೊಂಡಿತ್ತು. ಹಾಗಾಗಿ ಅಜ್ಜಿ ಪುಂಡಿನಾರನ್ನು ನೆನೆಸಿ ಕುಟ್ಟಿ ಮೆತ್ತಗೆ ಮಾಡಿ ಅಂಗೈಯಗಲದ ಕುಕ್ಕೆ ಹೆಣೆದು, ಬಟ್ಟಲನ್ನು ಅದರೊಳಗೆ ಕೂರಿಸಿದಳು. ಮೊದಲು ಮನೆಯ ಆಡಿನ ಮೂತಿಗೆ ಕಟ್ಟಿದಳು. ಆಮೇಲೆ ತನಗೇ ಕಟ್ಟಿಕೊಂಡು ಅಂಗಳದಲ್ಲಿ ಮೇಟಿಯಂತೆ ನಿಲ್ಲಿಸಿದ ಒನಕೆಯ ಸುತ್ತ ನಾಲ್ಕು ಕಾಲಿನಲ್ಲಿ ತಿರುಗಿದಳು. ಅರವತ್ತರ ಮುದುಕಿ. ಹುಲಿಗವ್ವ ನಕ್ಕು ನಕ್ಕು ಬಿದ್ದು, ಕೊನೆಗೆ ತಾನೇ ಕಸಿದುಕೊಂಡಳು.

ಅಲ್ಲಿಂದ ದಿನಾ ಆಟ. ಮೊದಲು ಅಜ್ಜಿ ಬೆರಳಿನಿಂದ ಕೂಸಿನ ಬಾಯಿ ತಡಕಿ ಬರಿದಾಗಿದೆಯೇ ನೋಡುವಳು. ಆಮೇಲೆ ಕುಕ್ಕೆ. ಕೂಸಿನ ಬೆರಳನ್ನೇ ಎತ್ತು ಮಾಡಿ ನೆಲದ ಮೇಲೆ ಸುತ್ತು ಹಾಕಿಸುತ್ತ ಕತೆ ಹೇಳುವಳು: ಒಂದು ಬಿಳಿ ಎತ್ತಿತ್ತು, ಅದು ಒಂದು ಸುತ್ತಿಗೆ ಆಕಳಿಸಿತು, ಎರಡು ಸುತ್ತಿಗೆ ಕಣ್ಣುಜ್ಜಿತು, ಹತ್ತು ಸುತ್ತಿಗೆ ನಿಂತಲ್ಲೇ ನಿದ್ದೆ ಹೋಯಿತು. ಹತ್ತು ಮುಗಿದರೆ ಕುಕ್ಕೆ ಬಿಚ್ಚಿ ಬಾಯಿಗೊಂದು ಚೂರು ಬೆಲ್ಲ. ಹದಿನೈದು ದಿನಕ್ಕೆ ಹುಲಿಗವ್ವ ಚಾಪೆಯ ಮೇಲೆ ತಾನಾಗಿ ಮಲಗಿ, ಕುಕ್ಕೆ ಹಿಡಿದು, ಕಣ್ಣು ಮುಚ್ಚಿ, ಬೆರಳು ತಿರುಗಿಸಿ, ಕೊನೆಗೆ "ಬೆ" ಎಂದು ಬಾಯಿ ತೆರೆಯುವಷ್ಟು ಕಲಿತಳು.

ದಿನ ಬಂತು. ಹಿಂದಿನ ಸಂಜೆ ಮುನಿರಾಬಾದಿನ ಮನೆಯಲ್ಲಿ ಯಮನೂರಮ್ಮ ರೊಟ್ಟಿಬುಟ್ಟಿಯನ್ನು ನೆಲುವಿನ ಮೇಲಿಟ್ಟಳು. ಕೂಸಿಗೆ ಆಸೆಯಾಗಬಾರದೆಂದು ಬೆಳಿಗ್ಗೆ ಯಾರೂ ಒಲೆ ಹೊತ್ತಿಸಲಿಲ್ಲ. ಮುದಕಮ್ಮ ಹನಿ ನೀರೂ ಕುಡಿಯದೆ ಹೊರಟಳು. ಸೊಂಟದ ಸಂಚಿಯಲ್ಲಿ ಬೆಲ್ಲವಿತ್ತು, ಕೂಸು ಎದ್ದ ಮೇಲೆ ಕೊಡಲೆಂದು.

ದವಾಖಾನೆಯ ಪಡಸಾಲೆಯಲ್ಲಿ ಕೂತಿದ್ದಾಗ ಒಳಗಿನಿಂದ ಒಬ್ಬ ಹುಡುಗನನ್ನು ಹೊತ್ತು ತಂದರು. ಗಲ್ಲದ ಮೇಲೆ ರಕ್ತ, ನರಳಾಟ. ಹುಲಿಗವ್ವ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದಳು. ಉಸಿರು ಸಿಳ್ಳೆ ಹೊಡೆಯತೊಡಗಿತು. ಹೇಮಪ್ಪ ಕಾಗದಕ್ಕೆ ಸಹಿ ಹಾಕಲು ಹೋಗಿದ್ದ. ಆಯಾ ಮೆಹರುನಬಿ ಬಂದು ನೋಡಿದಳು.

"ಹಿಂಗ ಅಳ್ತಾ ಇದ್ರ ಒಳಗ ಒಯ್ಯಂಗಿಲ್ಲ ಅಜ್ಜಿ. ಏನಾರ ಮಾಡಿ ಸಮಾಧಾನ ಮಾಡ್ರಿ" ಎಂದು ಹೇಳಿ ಹೋದಳು.

ಮುದಕಮ್ಮ ಸಣ್ಣ ಕುಕ್ಕೆ ತೆಗೆದಳು. ಬಿಳಿ ಎತ್ತಿನ ಕತೆ ಶುರುವಾಯಿತು. ಒಂದು ಸುತ್ತು, ಎರಡು ಸುತ್ತು. ಸಿಳ್ಳೆ ಇಳಿಯಿತು. ಹತ್ತನೆಯದಕ್ಕೆ ಕೂಸಿನ ಮುಖದಲ್ಲಿ ನಗು. ಅಜ್ಜಿ ಕುಕ್ಕೆ ಬಿಚ್ಚಿದಳು. "ಬೆ" ಎಂದು ಬಾಯಿ ತೆರೆಯಿತು. ಇಪ್ಪತ್ತೆರಡು ಸುಗ್ಗಿ ಮಾಡಿದ ಕೈ ಸಂಚಿಗೆ ಹೋಯಿತು, ಬಾಯಿಗೆ ಬಂತು.

ಕೂಸು ಚೀಪುವ ಸದ್ದು ಕೇಳಿದಾಗಲೇ ಮುದಕಮ್ಮನಿಗೆ ತಿಳಿದದ್ದು. ಬೆರಳು ಹಾಕಿ ತೆಗೆಯಹೋದಳು. ಹುಲಿಗವ್ವ ಗುಟುಕ್ಕನೆ ನುಂಗಿ ನಕ್ಕಳು.

ಯಾರೂ ನೋಡಿರಲಿಲ್ಲ. ಎದುರಿನ ಬೆಂಚಿನ ಮುದುಕ ತೂಕಡಿಸುತ್ತಿದ್ದ. ಮುದಕಮ್ಮ ಕೂಸಿನ ತುಟಿಯನ್ನು ಸೆರಗಿನಿಂದ ಒರೆಸಿದಳು. ಬೆಲ್ಲವೇನು ರೊಟ್ಟಿಯೇ, ಕರಗಿ ನೀರಾಗುತ್ತದೆ ಎಂದುಕೊಂಡಳು. ಒಂದು ಹನಿ ಇಲ್ಲ ಎಂದಿದ್ದರಲ್ಲ ಎಂಬುದೂ ನೆನಪಾಯಿತು. ಹೇಳಿದರೆ ಇವತ್ತು ಬಿಡುತ್ತಾರೆ, ಇನ್ನೊಂದು ತಿಂಗಳು. ಎಣಿಕೆ ಮೂವತ್ತಕ್ಕೆ ಹೋದರೆ? ಎರಡೂ ದಾರಿಯ ಕೊನೆಗೆ ಅದೇ ನೇರಳೆ ಬಣ್ಣದ ತುಟಿ ಕಾಣುತ್ತಿತ್ತು.

ಹೇಮಪ್ಪ ಬಂದ. "ಸಹಿ ಹಾಕಿನಿ ಯವ್ವಾ. ಜೀವಕ್ಕೇನಾರ ಆದ್ರ ನಾವ ಹೊಣಿ ಅಂತ ಬರದೈತಿ."

ಮತ್ತಿನ ಡಾಕ್ಟರು ಬಾಗಿಲಿಗೆ ಬಂದರು. "ಏನಾರ ತಿಂದಾಳೇನು?"

"ಇಲ್ರಿ ಸಾಹೇಬ್ರ. ನಮ್ಮವ್ವ ತಾನೂ ನೀರು ಕುಡದಿಲ್ಲ" ಎಂದ ಹೇಮಪ್ಪ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಮುದಕಮ್ಮ ಸಂಚಿಯ ದಾರ ಬಿಗಿದು ಸೆರಗಿನೊಳಗೆ ಸರಿಸಿದಳು.

ಮೆಹರುನಬಿ ಕೂಸನ್ನು ಎತ್ತಿಕೊಂಡಳು. ಈಗ ಅಳು ಇಲ್ಲ. ಆಯಾಳ ಹೆಗಲ ಮೇಲಿಂದ ಹುಲಿಗವ್ವ ಅಜ್ಜಿಯತ್ತ ನೋಡುತ್ತ, ತನ್ನದೇ ಬೆರಳನ್ನು ಬಾಯೊಳಗೆ ಹಾಕಿ ಒಂದು ದವಡೆ ತಡಕಿದಳು, ಇನ್ನೊಂದು ದವಡೆ ತಡಕಿದಳು. ಆಟದ ಮೊದಲ ಹೆಜ್ಜೆ. ಆಮೇಲೆ ಅಂಗೈಯನ್ನು ಮೂತಿಗೆ ಮುಚ್ಚಿಕೊಂಡಳು. ಬಾಗಿಲು ಮುಚ್ಚಿತು.

ಮುದಕಮ್ಮನ ಕಣ್ಣ ಮುಂದೆ ಮೇಟಿಯ ಬುಡದ ಎತ್ತು ಮೊಣಕಾಲೂರಿತು.

ಆಕೆ ಎದ್ದು ಬಾಗಿಲು ನೂಕಿದಳು. ಬರಿಗಾಲು, ಕೆದರಿದ ತಲೆ. ಒಳಗೆ ದೊಡ್ಡ ದೀಪದ ಕೆಳಗೆ ಕೂಸು ಮಲಗಿತ್ತು. ಕರಿ ಬಟ್ಟಲು ಮುಖದಿಂದ ಒಂದು ಗೇಣು ದೂರದಲ್ಲಿತ್ತು.

"ಕುಕ್ಕಿ ಕಟ್ಟಬ್ಯಾಡ್ರಿ" ಎಂದಳು. "ಬಾಯಾಗ ಮೇವು ಐತಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. "ಏನಂತಾರ ಇವ್ರು?"

"ಬೆಲ್ಲ ತಿನಿಸೀನ್ರಿ. ಈಗ, ಹೊರಗ. ನನ್ನ ಕೈನ ತಿನಿಸೇತಿ."

ಬಟ್ಟಲು ಮೇಜಿನ ಮೇಲೆ ಇಳಿಯಿತು. ಡಾಕ್ಟರು ಕೈಗವಸು ಕಳಚುತ್ತ, "ಇನ್ನರ್ಧ ನಿಮಿಷ ತಡಾ ಮಾಡಿದ್ರ ಹೇಳಿ ಏನೂ ಉಪಯೋಗ ಇದ್ದಿದ್ದಿಲ್ಲ" ಎಂದರು. "ಮುಂದಿನ ತಿಂಗಳು ಬರ್ರಿ." ಮೇಜಿನ ಮೇಲಿನ ಹುಲಿಗವ್ವ ತನ್ನ ಸರದಿ ಯಾಕೆ ಬರಲಿಲ್ಲವೆಂದು ಎಲ್ಲರ ಮುಖ ನೋಡಿದಳು.

ಸೇತುವೆ ದಾಟುವತನಕ ಹೇಮಪ್ಪ ಕೂಸನ್ನು ಎದೆಗೊತ್ತಿಕೊಂಡು ಹೊಳೆಯನ್ನೇ ನೋಡುತ್ತಿದ್ದ. ದಾಟಿದ ಮೇಲೆ, "ಒಂದು ತಿಂಗಳು ಯವ್ವಾ" ಎಂದ. ಅಷ್ಟೇ.

ಆ ತಿಂಗಳು ಮುದಕಮ್ಮ ಮುನಿರಾಬಾದಿನಲ್ಲೇ ಉಳಿದಳು. ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಕೂಸು ಮಲಗಿದರೆ ಪಕ್ಕದಲ್ಲಿ ಕೂತು ಎಣಿಸುವುದೇ ಕೆಲಸ. ಹದಿನಾಲ್ಕು. ಹದಿನೆಂಟು. ಒಂದು ದಿನ ಇಪ್ಪತ್ತಾರು. ಯಮನೂರಮ್ಮ ಹೊಟ್ಟೆ ಹೊತ್ತುಕೊಂಡು ಬಂದು, "ನಾ ಕುಂದರ್ತೀನಿ, ನೀವು ಒಂದೀಟು ಅಡ್ಡಾಗ್ರಿ ಅತ್ತಿ" ಎಂದರೆ, "ನಿನಗ ಈ ಎಣಿಕಿ ರೂಢಿ ಇಲ್ಲವ್ವ" ಎನ್ನುವಳು. ಕುಕ್ಕೆಯ ಆಟ ಮಾತ್ರ ಬಿಡಲಿಲ್ಲ. ಈಗ ಹತ್ತು ಸುತ್ತಾದ ಮೇಲೆ ಬೆಲ್ಲವಿಲ್ಲ. ಕೂಸಿನ ಅಂಗೈಯಲ್ಲಿ ಅಜ್ಜಿ ತನ್ನ ಹಣೆ ಊರುವಳು. ನಾಲ್ಕು ದಿನ ಹುಲಿಗವ್ವ ಸಿಟ್ಟಾದಳು. ಐದನೆಯ ದಿನ ಹಣೆಗೆ ಕೈ ತಾನೇ ಚಾಚಿದಳು.

ಎರಡನೆಯ ಸಲ ದವಾಖಾನೆಯ ಮೆಟ್ಟಿಲಲ್ಲೇ ಮುದಕಮ್ಮ ಸಂಚಿ ಬಿಚ್ಚಿ ಮೆಹರುನಬಿಗೆ ಕೊಟ್ಟಳು. "ಇದರಾಗ ಎಲಿ ಅಡಕಿ ಬಿಟ್ರ ಏನಿಲ್ಲ. ಆದ್ರೂ ನಿನ್ನಲ್ಲೇ ಇರ್ಲಿ ತಾಯಿ. ನನ್ನ ಕೈ ನನ್ನ ಮಾತು ಕೇಳಂಗಿಲ್ಲ."

"ನನ್ನ ಅತ್ತಿ ಬಾಯಿನೂ ಹಂಗ ಐತಿ ಬಿಡ್ರಿ" ಎಂದು ಮೆಹರುನಬಿ ಸಂಚಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಮುದಕಮ್ಮ ನಗಲಿಲ್ಲ.

ಬಾಗಿಲು ಹಾಕಿ ತೆಗೆಯುವಷ್ಟರಲ್ಲಿ ಬಿಸಿಲು ಪಡಸಾಲೆಯ ಒಂದು ಕಂಬದಿಂದ ಮೂರನೆಯ ಕಂಬಕ್ಕೆ ಹೋಯಿತು. ಹೊರಗೆ ತಂದ ಕೂಸಿನ ಮುಖ ಬೂದಿಯ ಬಣ್ಣಕ್ಕಿತ್ತು. ತುಟಿಯ ಮೂಲೆಯಲ್ಲಿ ಕೆಂಪು. ಕಣ್ಣು ತೆರೆದಳು, ಅಜ್ಜಿಯನ್ನು ಹುಡುಕಿ ಅಂಗೈ ಚಾಚಿದಳು. ಮುದಕಮ್ಮ ಬಾಗಿ ಹಣೆಯಿಟ್ಟಳು. ಮತ್ತೆ ಕಣ್ಣು ಮುಚ್ಚಿತು.

ಆಮೇಲೆ ಸದ್ದೇ ಇಲ್ಲ.

ಗರಗಸವಿಲ್ಲ, ಸಿಳ್ಳೆಯಿಲ್ಲ. ಮುದಕಮ್ಮ ಎಣಿಸತೊಡಗಿದಳು. ಹತ್ತು. ಇಪ್ಪತ್ತು. ಮೂವತ್ತು. ನಲವತ್ತಕ್ಕೆ ಕೂಸಿನ ಭುಜ ಹಿಡಿದು ಅಲುಗಿಸಿದಳು. ಹುಲಿಗವ್ವ ಮುಲುಗಿ ಅತ್ತಿತ್ತ ಹೊರಳಿದಳು. ಮೆಹರುನಬಿ ಓಡಿ ಬಂದು ಮುದುಕಿಯ ಬೆರಳನ್ನು ಹಿಡಿದು ಕೂಸಿನ ಮೂಗಿನ ಕೆಳಗೆ ಇಟ್ಟಳು. "ಎಬ್ಬಿಸಬ್ಯಾಡ್ರಿ ಅಜ್ಜಿ. ನೋಡ್ರಿ."

ಬೆರಳಿಗೆ ಬೆಚ್ಚಗೆ ತಾಗಿತು, ಸರಿಯಿತು, ಮತ್ತೆ ತಾಗಿತು. ಸದ್ದಿಲ್ಲದೆ.

ಹೇಮಪ್ಪ ಚಹಾ ತಂದು ಪಕ್ಕದಲ್ಲಿಟ್ಟ. ಅದು ಆರಿ ಕೆನೆಗಟ್ಟಿತು. ಕತ್ತಲಾಗಿ ದೀಪ ಹಚ್ಚಿದರೂ ಮುದಕಮ್ಮ ಆ ಬೆರಳನ್ನು ತೆಗೆಯಲಿಲ್ಲ.