ಬಾಜಿ ಇಲ್ಲದ ಸೆಮಿಫೈನಲ್

ಚೀನಾದಲ್ಲಿ ನಡೆಯುವ ದೊಡ್ಡ ಸ್ನೂಕರ್ ಪಂದ್ಯಾವಳಿಯ ಮಧ್ಯಾಹ್ನದ ಆಟ ಸಿಡ್ನಿಯ ನಮ್ಮ ಮನೆಗೆ ಸಂಜೆ ಕಾಫಿಯ ಹೊತ್ತಿಗೆ ಬರುತ್ತದೆ. ಆ ಶನಿವಾರ ಸೆಮಿಫೈನಲ್. ನನ್ನ ಯಜಮಾನರು ಸೋಫಾದ ತುದಿಯಲ್ಲಿ ರಿಮೋಟ್ ಹಿಡಿದು ಕೂತು, "ಹಾಕ್ಲಾ?" ಎಂದು ಕೇಳಿದರು. ಮದುವೆಯಾದ ಮೇಲೆ ಟಿವಿ ಹಾಕಲು ಇವರು ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು.

ಕೇಳುವುದಕ್ಕೆ ಕಾರಣವಿತ್ತು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದಾಗ ಇವರು ಫೋನಿನಲ್ಲಿ ಸ್ನೂಕರ್ ಮೇಲೆ ಬಾಜಿ ಕಟ್ಟುತ್ತಿದ್ದರು. ಕ್ರಿಕೆಟ್ ಅಲ್ಲ, ಕುದುರೆಯಲ್ಲ. ಬೆಂಗಳೂರಿನಲ್ಲಿ ಕ್ಲಾಸು ತಪ್ಪಿಸಿ ಆಡಿ ಕಲಿತ ಆಟ, ಅದರ ಒಳಗುಟ್ಟು ತನಗೆ ಗೊತ್ತು ಎಂಬ ಧೈರ್ಯ. ಮನೆ ಕೊಳ್ಳಲೆಂದು ಕೂಡಿಟ್ಟಿದ್ದು ಹಾಗೆಯೇ ಕರಗಿತು. ಕೊನೆಗೆ ತಾವಾಗಿಯೇ ನನಗೆ ಎಲ್ಲ ಹೇಳಿ, ಇನ್ನು ಮುಂದೆ ಯಾವ ಬೆಟ್ಟಿಂಗ್ ಕಂಪನಿಯೂ ತಮ್ಮಿಂದ ದುಡ್ಡು ತೆಗೆದುಕೊಳ್ಳದ ಹಾಗೆ ತಮ್ಮ ಹೆಸರನ್ನು ತಾವೇ ಬ್ಲಾಕ್ ಮಾಡಿಸಿಕೊಂಡರು. ಆಮೇಲೆ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ ಸಿಕ್ಕಿ ಸಿಡ್ನಿಗೆ ಬಂದೆವು. ಅಲ್ಲಿಂದೀಚೆಗೆ ಇವರು ಸ್ನೂಕರ್ ನೋಡಿರಲಿಲ್ಲ. ಬಾಜಿ ಬಿಟ್ಟ ಮನುಷ್ಯ ಆಟವನ್ನೂ ಬಿಡಬೇಕೋ, ಇಲ್ಲ ಬರೀ ಆಟ ನೋಡಿ ಎದ್ದು ಬರಬಲ್ಲನೋ, ಅದು ಆ ಸಂಜೆ ಗೊತ್ತಾಗಬೇಕಿತ್ತು. ಇವರಿಗೂ, ನನಗೂ.

"ಹಾಕಿ. ನಾನೂ ಕೂರ್ತೇನೆ," ಎಂದೆ.

ಮಗಳು ತನ್ನ ಕೋಣೆಯಿಂದ ಇಣುಕಿದಳು. "ಅಪ್ಪಾ, ಆರ್ ಯು ಅಲೌಡ್?"

"ಅಮ್ಮ ಪರ್ಮಿಷನ್ ಕೊಟ್ಟಿದಾಳೆ ಪುಟ್ಟಾ."

"ಓಕೆ. ಅಮ್ಮಾ, ವಾಚ್ ಹಿಮ್," ಎಂದು ಬಾಗಿಲು ಹಾಕಿಕೊಂಡಳು. ಇವರು ನಕ್ಕರು. ಕಿವಿ ಮಾತ್ರ ಕೆಂಪಾಗಿತ್ತು.

ನನಗೆ ಆ ಆಟದ ತಲೆಬುಡ ತಿಳಿಯದು. ಹಿಡಿಸಿದ್ದು ರೆಫರಿ. ಬಿಳಿ ಕೈಗವಸು ತೊಟ್ಟು ಚೆಂಡನ್ನು ಎತ್ತಿ, ಒರೆಸಿ, ಸದ್ದಾಗದಂತೆ ಇಡುವ ರೀತಿ. ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಒಬ್ಬರು ಸಿಸ್ಟರ್ ಮೇಣದಬತ್ತಿಯ ಸ್ಟ್ಯಾಂಡುಗಳನ್ನು ಹೀಗೇ ಒರೆಸುತ್ತಿದ್ದರು, ಬೆರಳಿನ ಗುರುತು ಉಳಿಯದ ಹಾಗೆ. ಆಮೇಲೆ ನನ್ನ ಕಣ್ಣು ಮೂಲೆಯ ಕುರ್ಚಿಗೆ ಹೋಯಿತು. ಮೇಜಿನ ಬಳಿ ಒಬ್ಬ ಚಿಕ್ಕ ವಯಸ್ಸಿನ ಹುಡುಗ ಚೆಂಡಿನ ಮೇಲೆ ಚೆಂಡನ್ನು ತೂತಿಗೆ ಕೆಡವುತ್ತಿದ್ದ. ಕುರ್ಚಿಯಲ್ಲಿ ಅವನ ಎದುರಾಳಿ, ಕಿವಿಯ ಮೇಲೆಲ್ಲ ನರೆತವರು, ಸಣ್ಣ ಟವೆಲನ್ನು ಮೊಣಕಾಲಿನ ಮೇಲೆ ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು.

"ಇವರ ಸರದಿ ಯಾವಾಗ?"

"ಆ ಹುಡುಗ ಮಿಸ್ ಮಾಡಿದಾಗ."

"ಮಿಸ್ ಮಾಡದಿದ್ರೆ?"

"ಕೂತೇ ಇರೋದು."

"ಎಂತ ಆಟ ಮಾರಾಯ್ರೆ ಇದು! ಸೋಲುವವರನ್ನು ಕುರ್ಚಿ ಹಾಕಿ ಕೂರಿಸಿ ತೋರಿಸೋದಾ? ಒಂದು ಲೋಟ ಕಾಫಿಯಾದ್ರೂ ಕೊಡ್ಬಾರ್ದಾ?"

"ನೀರಿಟ್ಟಿದಾರಲ್ಲ ಮಾರಾಯ್ತಿ," ಎಂದು ನನ್ನ ಮಂಗಳೂರು ಕನ್ನಡವನ್ನು ಅಣಕಿಸಿದರು.

"ಯಾರು ಗೆಲ್ಬೇಕು ನಿಮ್ಗೆ?"

"ಹುಡುಗನೇ ಗೆಲ್ತಾನೆ. ಅವನ ಕೈ ನೋಡು, ನಡುಗೋದೇ ಇಲ್ಲ."

"ಗೆಲ್ತಾನೆ ಅಲ್ಲ, ಗೆಲ್ಬೇಕು. ಯಾರು ಗೆದ್ರೆ ನಿಮ್ಗೆ ಖುಷಿ?"

ಇವರು ಟಿವಿ ಬಿಟ್ಟು ನನ್ನ ಮುಖ ನೋಡಿದರು. "ಗೊತ್ತಿಲ್ಲ ಕಣೇ," ಎಂದರು. "ಹಂಗೆ ಯೋಚ್ನೆನೇ ಮಾಡಿಲ್ಲ ಯಾವತ್ತೂ."

"ನನ್ಗೆ ಟವೆಲಿನವರು," ಎಂದೆ.

ಅಷ್ಟರಲ್ಲಿ ಹುಡುಗನ ಗುರಿ ತಪ್ಪಿತು. ಟವೆಲಿನವರು ಎದ್ದರು, ಕನ್ನಡಕ ಸರಿಮಾಡಿಕೊಂಡರು, ಬಾಗಿದರು. ಆ ಸುತ್ತು ಅವರದಾಯಿತು, ಮುಂದಿನದೂ. ಇವರು ಸೋಫಾದ ಅಂಚಿಗೆ ಜಾರಿ, "ನಿಧಾನ, ನಿಧಾನ," ಎಂದು ಟಿವಿಗೆ ಹೇಳತೊಡಗಿದರು.

ಆಗ ಫೋನು ಬಂತು. ಬಾಕ್ಸ್ ಹಿಲ್‌ನ ಗೆಳೆಯ. ಇವರ ಕೈಯೆಲ್ಲ ಚಕ್ಕುಲಿಯ ಎಣ್ಣೆ, ಹಾಗಾಗಿ ಒಂದೇ ಬೆರಳಿನಲ್ಲಿ ಸ್ಪೀಕರ್ ಒತ್ತಿದರು.

"ಗುರೂ, ಮ್ಯಾಚ್ ನೋಡ್ತಿದೀಯಾ? ಯಾರ್ ಮೇಲೆ ಹಾಕ್ಲಿ, ಮುದುಕನ ಮೇಲೋ ಹುಡುಗನ ಮೇಲೋ? ನಿನ್ ಹೆಸ್ರಲ್ಲಿ ಆಗಲ್ಲ ಅಂದ್ರೆ ಏನಂತೆ, ನನ್ ಅಕೌಂಟಲ್ಲೇ ನಿಂದೂ ಸೇರ್ಸಿ ಹಾಕ್ತೀನಿ. ಬೇಗ ಹೇಳು."

ಇಷ್ಟು ಸುಲಭದ ಹಿತ್ತಿಲ ಬಾಗಿಲೊಂದಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ನಾನು ಎದುರಿಗೆ ಕೂತಿದ್ದರೆ ಇವರು ನನ್ನ ಮುಖ ನೋಡಿ ಬೇಡ ಎಂದಾರು, ಅಂಥ 'ಬೇಡ' ಎಷ್ಟು ದಿನ ಬಾಳೀತು? ಲೋಟಗಳನ್ನು ತೆಗೆದುಕೊಂಡು ಅಡುಗೆಮನೆಗೆ ಹೋದೆ. ನಲ್ಲಿ ಮಾತ್ರ ತಿರುಗಿಸಲಿಲ್ಲ.

"ಹುಡುಗ ಗೆಲ್ತಾನೆ ಅನ್ಸತ್ತೆ," ಇವರ ದನಿ. ನನ್ನ ಕೈ ಸಿಂಕಿನ ಅಂಚನ್ನು ಹಿಡಿದುಕೊಂಡಿತು. "ಆದ್ರೆ ಮುದುಕಪ್ಪ ಗೆಲ್ಬೇಕು ಕಣೋ."

"ಹಂಗಂದ್ರೆ? ಯಾರ್ ಮೇಲೆ ಹಾಕ್ಲಿ?"

"ನಂದೇನೂ ಹಾಕ್ಬೇಡ. ಸುಮ್ನೆ ನೋಡ್ತಿದೀನಿ."

"ನೀನು, ಸುಮ್ನೆ? ಜ್ವರ ಗಿರ ಬಂದಿದ್ಯೇನೋ?"

"ಚಕ್ಲಿ ತಿಂತಿದೀನಿ. ಇಡೋ ಫೋನು."

ನಾನು ನಲ್ಲಿ ತಿರುಗಿಸಿ ಲೋಟ ತೊಳೆದೆ, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ. ಹೊರಗೆ ಬಂದಾಗ ಕೊನೆಯ ಸುತ್ತು. ಹುಡುಗ ಮತ್ತೆ ಎದ್ದಿದ್ದ, ಟವೆಲಿನವರು ಮತ್ತೆ ಕುರ್ಚಿಯಲ್ಲಿದ್ದರು. ಈ ಸಲ ಅವನ ಗುರಿ ತಪ್ಪಲೇ ಇಲ್ಲ. ಅವರೇ ಎದ್ದು ಬಂದು ಅವನ ಕೈ ಕುಲುಕಿ, ತಲೆ ಸವರಿದರು.

"ಸೋತ್ರು ಕಣೇ," ಎಂದರು ಇವರು. ಬಾಕ್ಸ್ ಹಿಲ್‌ನಲ್ಲಿ ಆಟ ಮುಗಿದಾಗಲೆಲ್ಲ ಇವರ ಬಾಯಿಂದ ಬರುತ್ತಿದ್ದುದು 'ಗೆದ್ದೆ', ಇಲ್ಲವೇ 'ಸೋತೆ'. ಆಡಿದವರು ಆ ಮಾತಿನಲ್ಲಿ ಇರುತ್ತಲೇ ಇರಲಿಲ್ಲ.

"ಇರಲಿ ಬಿಡಿ. ನಾಳೆ ಫೈನಲ್ ನೋಡೋಣ," ಎಂದೆ.

"ನೋಡೋದೇನು, ನಮ್ಮೋರೇ ಔಟಾದ್ರಲ್ಲ!" ಮುಖ ಊದಿಸಿಕೊಂಡು ಟಿವಿ ಆರಿಸಿದರು. "ನಾಳೆ ಪೆಂಡಲ್ ಹಿಲ್‌ಗೆ ಹೋಗಿ ತರಕಾರಿ ತರೋಣ ನಡಿ."