ನಾನು ಕೇಳಿಸಿಕೊಳ್ಳದ ಎಂಟು ಅಂಕಿ

ಶಿಕಾರಿಪುರದ ಕಾಲೇಜೊಂದರ ಲೈಬ್ರರಿಯಲ್ಲಿ ಕೂತು ನನಗೆ ಇಪ್ಪತ್ತು ವರ್ಷದ ಮೇಲಾಯಿತು. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ. ಪುಸ್ತಕದ ಹೆಸರೊಂದನ್ನೇ ಹಿಡಿದುಕೊಂಡು ಬರುವ ವಿದ್ಯಾರ್ಥಿಗಳನ್ನು ನಂಬರ್ ಬರೆದುಕೊಂಡು ಬನ್ನಿ ಅಂತ ಗದರಿಸಿ ವಾಪಸು ಕಳಿಸುವುದು ನನ್ನ ದಿನಚರಿ. ಅಂಥ ನಾನೇ ನಂಬರು ನೋಡದೆ ಒಬ್ಬಳ ದುಡಿಮೆಯನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿದೆ.

ಆಕೆ ನಮ್ಮಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಉಳವಿಯಿಂದ ಸೊರಬಕ್ಕೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಅಂಬ್ಲಿಗೊಳ ಜಲಾಶಯದ ಕಾಲುವೆ ನೀರನ್ನು ರೈತರು ಪಾಳಿ ಹಾಕಿಕೊಂಡು ಹೇಗೆ ಹಂಚಿಕೊಳ್ಳುತ್ತಾರೆ ಎನ್ನುವುದು ಅವಳ ಪಿಎಚ್.ಡಿ. ವಿಷಯ. ಪ್ರಬಂಧ ಸಲ್ಲಿಸಬೇಕಾದರೆ ಮಾನ್ಯ ಡೇಟಾಬೇಸಿನಲ್ಲಿರುವ ಪತ್ರಿಕೆಯಲ್ಲಿ ಒಂದು ಲೇಖನವಾದರೂ ಬಂದಿರಬೇಕು. ಡೇಟಾಬೇಸ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಯಾವ ಪತ್ರಿಕೆ ನಂಬಿಕಸ್ಥ, ಅದರಲ್ಲಿ ಬಂದ ಲೇಖನವನ್ನು ಆಮೇಲೆ ಎಷ್ಟು ಮಂದಿ ತಮ್ಮ ಬರಹದಲ್ಲಿ ಉಲ್ಲೇಖಿಸಿದರು ಎಂದು ಬರೆದಿಡುವ ದೊಡ್ಡ ಪಟ್ಟಿ, ಅಷ್ಟೇ. ಪ್ರತಿ ಪತ್ರಿಕೆಗೂ ಎಂಟು ಅಂಕಿಯ ಒಂದು ನಂಬರ್ ಇರುತ್ತದೆ.

ಒಂದು ಮಧ್ಯಾಹ್ನ, ಲೇಖನ ಒಪ್ಪಿಕೊಂಡಿದ್ದೇವೆ ಎಂದು ಪತ್ರಿಕೆಯೊಂದು ಕಳಿಸಿದ ಪತ್ರ ಹಿಡಿದು, ಆ ಪತ್ರಿಕೆ ಪಟ್ಟಿಯಲ್ಲಿದೆಯೋ ಇಲ್ಲವೋ ನೋಡಿಸಲು ನನ್ನ ಹತ್ತಿರ ಬಂದಳು. ಅವರ ಮನೆಯಲ್ಲೊಂದು ರೂಢಿ. ಜಮೀನಿನ ಪಹಣಿ ತೆಗೆಸಿದಾಗಲೆಲ್ಲ ಇವಳು ಹೊಸ ಹಾಳೆಯ ಸರ್ವೆ ನಂಬರನ್ನು ಗಟ್ಟಿಯಾಗಿ ಓದಬೇಕು, ಅಪ್ಪ ಹಳೆಯ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದು ಅಂಕಿಗೂ ಹೂಂ ಅನ್ನಬೇಕು. ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರ್ತಾರೆ, ನಂಬರ್ ಒಬ್ಬನದೇ ಅನ್ನುವುದು ಅವರ ಮಾತು. ಅದೇ ಅಭ್ಯಾಸದಲ್ಲಿ, ನೀವು ಪಟ್ಟಿ ತೆಗೀರಿ ಸರ್, ನಾನು ಪತ್ರದಲ್ಲಿರೋ ನಂಬರ್ ಓದ್ತೀನಿ ಎಂದು ಶುರು ಮಾಡಿದಳು. ಎರಡು ಅಂಕಿ ಓದಿರಬೇಕು.

"ಅದೆಲ್ಲ ಬ್ಯಾಡಮ್ಮಾ. ಹೆಸರು ನೋಡಿದ್ರೆ ಸಾಕು, ನಂಗೊತ್ತಿರೋ ಪತ್ರಿಕೇನೇ ಐತಿ," ಅಂದೆ. ದನಿ ಏರಿತ್ತು. ಆಕೆ ನಿಲ್ಲಿಸಿದಳು.

ಲೇಖನ ಅಚ್ಚಾಯಿತು, ಅದನ್ನು ಲಗತ್ತಿಸಿ ಪ್ರಬಂಧದ ಕಡತ ಕಳಿಸಿದಳು. ಮೂರು ತಿಂಗಳಿಗೆ ವಿಶ್ವವಿದ್ಯಾಲಯದಿಂದ ಅದು ವಾಪಸು ಬಂತು. ಹೆಸರಾಂತ ಪತ್ರಿಕೆಯ ಹೆಸರನ್ನೇ ಇಟ್ಟುಕೊಂಡು ಯಾರೋ ಖದೀಮರು ಬೇರೆ ವೆಬ್‌ಸೈಟು ತೆರೆದಿದ್ದರು. ಹೆಸರು ಅದೇ, ನಂಬರಿನ ಕೊನೆಯ ಮೂರು ಅಂಕಿ ಬೇರೆ. ಪಟ್ಟಿಯನ್ನು ಎದುರಿಗಿಟ್ಟುಕೊಂಡು ಓದಿದ್ದರೆ ಅರ್ಧ ನಿಮಿಷದ ಕೆಲಸ. ಒಮ್ಮೆ ಅಚ್ಚಾದದ್ದನ್ನು ಬೇರೆ ಒಳ್ಳೆಯ ಪತ್ರಿಕೆ ತೆಗೆದುಕೊಳ್ಳುವುದಿಲ್ಲ. ಲೇಖನ ಹಿಂದಕ್ಕೆ ಕೊಡಿ ಎಂದು ಬರೆದ ಮೇಲ್‌ಗಳಿಗೆ ಉತ್ತರವೇ ಇಲ್ಲ. ಉಳಿದದ್ದು ಒಂದೇ ವರ್ಷದ ವಿಸ್ತರಣೆ. ಅದೂ ಮುಗಿದರೆ ನೋಂದಣಿಯೇ ರದ್ದು.

ತಪ್ಪು ನಂದೇ ಎಂದು ಅವಳ ಮುಂದೆ ಒಪ್ಪಿಕೊಂಡೆ. ಆಕೆ ಬಸ್ಸಿಗೆ ಹೊತ್ತಾಯ್ತು ಎಂದು ಹೋದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಆಮೇಲೆ ಇನ್ನೊಂದು ಅಧ್ಯಾಯದಿಂದ ಹೊಸ ಲೇಖನ ಬರೆದಳು. ನಾನು ಈ ವಿದ್ಯೆಯನ್ನು ಅ ಆ ಇ ಈಯಿಂದ ಕಲಿತೆ. ಪತ್ರಿಕೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ನಂಬಬಾರದು, ಡೇಟಾಬೇಸಿಗೇ ಹೋಗಿ ನೋಡಬೇಕು. ಪಟ್ಟಿಯಲ್ಲಿ ಈಗಲೂ ಇದೆಯೋ, ಹಿಂದೆ ಇದ್ದು ಕಿತ್ತುಹಾಕಿದ್ದಾರೋ ಅದನ್ನೂ ನೋಡಬೇಕು. ಆರಿಸಿದ ಪತ್ರಿಕೆಯ ನಂಬರನ್ನು ಆಕೆ ಓದಿದಳು, ನಾನು ಪರದೆಯ ಮೇಲೆ ಬೆರಳಿಟ್ಟು ಹೂಂ ಅಂದೆ, ಎಂಟು ಸಲ. ತಿದ್ದುಪಡಿಗಾಗಿ ಎರಡು ಸಲ ವಾಪಸು ಬಂದು, ವಿಸ್ತರಣೆ ಮುಗಿಯಲು ಹನ್ನೊಂದು ದಿನ ಇರುವಾಗ ಲೇಖನ ಅಚ್ಚಾಯಿತು. ಪ್ರಬಂಧ ಸಲ್ಲಿಕೆಯಾಯಿತು, ಪದವಿಯೂ ಬಂತು.

ಸಿಹಿ ಹಂಚಲು ಬಂದವಳಿಗೆ ಡೇಟಾಬೇಸ್ ತೆರೆದು ತೋರಿಸಿದೆ. ಹೊಸ ಲೇಖನವನ್ನು ಆಗಲೇ ಇಬ್ಬರು ಉಲ್ಲೇಖಿಸಿದ್ದರು. ಹಳೆಯದನ್ನೂ ಹುಡುಕಿ ಅಂದಳು. ಹುಡುಕಿದೆ, ಏನೂ ಸಿಗಲಿಲ್ಲ. ಕಾಲುವೆಯ ಕೊನೆಯ ಗದ್ದೆಯವರ ಜೊತೆ ಎರಡು ಬೇಸಿಗೆ ಕೂತು ಬರೆದದ್ದು ಅದು, ಅವಳ ಕೆಲಸದಲ್ಲೇ ಉತ್ತಮವಾದದ್ದು. ಲೋಕದ ಯಾವ ಪಟ್ಟಿಯಲ್ಲೂ ಅದು ಇಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಹೇಳಿಬಿಡಮ್ಮಾ ಎಂದು ಕೇಳಿದೆ.

"ನಿಮ್ ಮೇಲೆ ಇಲ್ಲ ಸರ್," ಅಂದಳು. "ನೀವು ಬೇಡ ಅಂದ ಕೂಡ್ಲೇ ಓದೋದು ನಿಲ್ಲಿಸಿಬಿಟ್ನಲ್ಲ, ಅದಕ್ಕೆ ನನ್ ಮೇಲೇ ಸಿಟ್ಟು."

ಅವಳು ಹೋದ ಮೇಲೆ ಒಬ್ಬ ಹುಡುಗಿ ಪುಸ್ತಕದ ಹೆಸರು ಹೇಳುತ್ತ ಕೌಂಟರಿಗೆ ಬಂದಳು. ಗದರಲು ಬಾಯಿ ಬರಲಿಲ್ಲ. ಕೂತ್ಕೋಮ್ಮಾ, ಪೂರ್ತಿ ಹೇಳು ಅಂದೆ.